ಸುಮ್ಮನಿದ್ದ ಕೈಗಳು

ಪಾಳಿ ಮುಗಿದರೂ ಕೈಗಳು ನಿಲ್ಲದ ಊರು ಅದು. ಕಾರ್ಖಾನೆಯಲ್ಲಿ ಮಾಡಿದ್ದನ್ನೇ ದೀಪ ಹಚ್ಚುವ ಹೊತ್ತಿನವರೆಗೂ ಮಾಡುತ್ತಿರುತ್ತಿದ್ದವು. ಗುರುಸಿದ್ದಪ್ಪನ ಕೈಗಳು ಗಾಳಿಯಲ್ಲಿ ಬೋಲ್ಟು ತಿರುವುತ್ತಿದ್ದರೆ ಹೆಂಡತಿ ಚಹಾ ಕುಡಿಸುತ್ತಿದ್ದಳು. ಹೆಣ್ಣು ನೋಡಲು ಬಂದವರು ಅಲ್ಲಿ ಮೊದಲು ನೋಡುವುದೇ ಕೈ. ಡಬ್ಬಿ ಬಡಿದು ಮುಚ್ಚುವ ಕೈಯಾದರೆ ರೊಟ್ಟಿಗೂ ಅನುಕೂಲ.

ಆ ಸಂಜೆ ಅವನ ಮಗಳು ಕಸ್ತೂರಿ ಪಾಳಿ ಮುಗಿಸಿ ಬಂದು ವರನ ಕಡೆಯವರ ಮುಂದೆ ಕೂತಳು. ಅವಳ ಕೈಗಳು ಮಡಿಲಲ್ಲಿ ಅಲ್ಲಾಡದೆ ಇದ್ದವು.

ವರನ ತಾಯಿ ಹುಬ್ಬು ಗಂಟಿಕ್ಕಿದಳು. "ಕೆಲಸಕ್ಕ ಹೋಗ್ತಾಳ ಅಂದಿದ್ರಿ. ಕೈ ನೋಡಿದ್ರ ಹಂಗ ಕಾಣೂದಿಲ್ಲಲ್ರಿ."

ಗುರುಸಿದ್ದಪ್ಪ ಎದೆಯುಬ್ಬಿಸಿದ. "ಬೆಲ್ಟ್ ನಿಲ್ಲಸೂ ಸ್ವಿಚ್ಚಿನ ಮ್ಯಾಲೆ ಕೈ ಇಟಗೊಂಡು, ನಮ್ಮ ಕೈ ನೋಡಕೋತ ಕೂಡೂದ ಇಕಿ ಕೆಲಸರಿ. ಯಾರದರ ಬೆರಳು ಸಿಕ್ಕೀತು ಅನ್ನೂದ್ರಾಗ ಮಿಷನ್ನು ನಿಂತಿರತೈತಿ. ಇಕಿ ಬಂದಾಗಿಂದ ನಮ್ಮ ಪಾಳ್ಯಾಗ ಒಬ್ಬರ ಬೆರಳೂ ಹೋಗಿಲ್ಲ."

ಹೇಳುತ್ತಲೇ, ತಿರುಗುತ್ತಿದ್ದ ತನ್ನ ಹತ್ತೂ ಬೆರಳುಗಳನ್ನು ಮುಂದೆ ಚಾಚಿದ.

ವರನ ತಾಯಿ ಗಂಡನತ್ತ ನೋಡಿದಳು. ಬಂದಾಗಿನಿಂದ ಅವನ ಬಲಗೈ ಶಲ್ಯದೊಳಗೇ ತಿರುಗುತ್ತಿತ್ತು. ಈಗ ಅದನ್ನು ಹೊರಗೆ ತೆಗೆದ. ಎರಡು ಬೆರಳಿರಲಿಲ್ಲ. ಉಳಿದ ಮೂರು ಬೋಲ್ಟು ತಿರುವುತ್ತಿದ್ದವು.

"ನಮ್ಮ ಹುಡುಗನೂ ಬೆಲ್ಟಿನ ಮುಂದನ ನಿಲ್ತಾನವ್ವಾ," ಎಂದು ಕಸ್ತೂರಿಗೆ ಹೇಳಿ, ಅವಳ ಅಪ್ಪನ ಕಡೆ ತಿರುಗಿದ. "ಎಲಿ ಅಡಕಿ ತರಸ್ರಿ, ಬೀಗರ."