ದಿನ ಬಿಟ್ಟು ದಿನ

ಆರ್ಕಿಡ್ ಕುಂಡದ ಇದ್ದಿಲ ಚೂರುಗಳ ನಡುವೆ ಬೆರಳಿಳಿಸಿದ ಹಿರಿಸೊಸೆ ಕೆಂಡ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಒಳಗೆಲ್ಲ ಒದ್ದೆ. ನಿನ್ನೆ ಅವಳು ಒಂದು ತೊಟ್ಟೂ ನೀರು ಹಾಕಿರಲಿಲ್ಲ. ಹೊರಗೆ ಬರಿಗಾಲಿಟ್ಟರೆ ಬೊಬ್ಬೆ ಏಳುವಂಥ ಬಿಸಿಲು. ಒಗೆದು ಹಾಕಿದ ದಪ್ಪ ಚಾದರ ಕೂಡ ನೋಡನೋಡುತ್ತಿದ್ದಂತೆ ಗರಿಗರಿಯಾಗುತ್ತಿತ್ತು. ಇದೊಂದು ಕುಂಡಕ್ಕೆ ಮಾತ್ರ ತೇವ ಎಲ್ಲಿಂದ ಬಂತು? ಅವಳು ತಲೆಯೆತ್ತಿ ಮೇಲಿನ ಮನೆಯ ಬಾಗಿಲು ನೋಡಿದಳು. ಅಲ್ಲಿರುವುದು ಮೈದುನನ ಹೆಂಡತಿ, ಮನೆಯ ಕಿರಿಸೊಸೆ. ಇನ್ಯಾರ ಕೆಲಸ ಇದು!

ಆರ್ಕಿಡ್ ಅತ್ತೆಯದು. ಕೆಳಗಿನ ಮನೆಗೂ ಮೇಲಿನ ಮನೆಗೂ ನಡುವೆ, ಮೆಟ್ಟಿಲು ತಿರುಗುವಲ್ಲಿರುವ ಕಿಟಕಿಯಲ್ಲಿ ಅದರ ವಾಸ. ಮಗಳ ಮನೆಗೆ ಹೊರಟ ದಿನ ಅತ್ತೆ ಹಿರಿಸೊಸೆಯನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದ್ದರು: "ಮೊದಲ ಸಲ ಮೊಗ್ಗು ಬಿಟ್ಟಿದೆ. ಈ ಸೆಕೆಗೆ ದಿನ ಬಿಟ್ಟು ದಿನ ನೀರು ಹಾಕು. ನಿನ್ನನ್ನ ನಂಬಿ ಹೋಗ್ತಿದೀನಿ. ಮೇಲಿನವಳ ಕಿವಿಗೆ ಬೀಳೋದು ಬೇಡ, ಅವಳ ಕೈಗುಣ ಸರಿಯಿಲ್ಲ." ಬೀರುವಿನ ಕೀಲಿಯನ್ನು ಸೊಸೆಯಂದಿರ ಕಣ್ಣಿಗೂ ಬೀಳದಂತೆ ಇಡುವ ಅತ್ತೆ, ನಂಬಿ ಹೋಗ್ತಿದೀನಿ ಅಂದಿದ್ದರು! ಹಿರಿಸೊಸೆಯ ಕಾಲು ಅವತ್ತು ನೆಲದ ಮೇಲೆ ನಿಂತಿರಲಿಲ್ಲ. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಅವಳಿಗೆ ಸಿಕ್ಕ ಮೊದಲ ಮರ್ಯಾದೆ ಅದು.

ಈಗ ನೋಡಿದರೆ ಎಲೆಗಳು ಹಳದಿ ತಿರುಗಿ ಜೋತುಬಿದ್ದಿವೆ, ಒಂದು ಮೊಗ್ಗು ಉದುರಿ ಕಿಟಕಿಯ ಕಟ್ಟೆಯ ಮೇಲೆ ಬಿದ್ದಿದೆ. ಹಿರಿಸೊಸೆಗೆ ವಿಷಯ ಹೊಳೆಯಲು ಹೊತ್ತೇನೂ ಹಿಡಿಯಲಿಲ್ಲ. ಕಿರಿಯವಳು ಕದ್ದು ಉಪ್ಪುನೀರು ಹೊಯ್ಯುತ್ತಿದ್ದಾಳೆ. ಗಿಡ ಸತ್ತರೆ ಹೆಸರು ಕೆಡುವುದು ಯಾರದು? ಬಟ್ಟೆ ಒಣಹಾಕುವ ಹಗ್ಗದ ವಿಷಯಕ್ಕಾದ ಜಗಳವನ್ನು ಅವಳು ಇನ್ನೂ ಮರೆತಿಲ್ಲ ಅಂತಾಯಿತು. ಹಿರಿಯವಳೂ ಮರೆತಿರಲಿಲ್ಲ, ಅದು ಬೇರೆ ಮಾತು. ಉಪ್ಪೆಲ್ಲ ತೊಳೆದುಹೋಗಲಿ ಎಂದು ಅವತ್ತು ಒಂದು ಚೊಂಬಿನ ಬದಲು ಎರಡು ಚೊಂಬು ನೀರು ಸುರಿದಳು.

ಮರುದಿನ ಮಧ್ಯಾಹ್ನ ಹೊಲಿಗೆ ಮೆಷಿನ್ನನ್ನು ಬಾಗಿಲ ಬಳಿಗೇ ಎಳೆದುಕೊಂಡು, ಕದವನ್ನು ಒಂದು ಕಣ್ಣಿಗಾಗುವಷ್ಟು ತೆರೆದಿಟ್ಟು ಕೂತಳು. ಗಿರಾಕಿಯ ಅಂಗಿಗೆ ತೋಳು ಉಲ್ಟಾ ಕೂತಿದ್ದು ಅವಳಿಗೆ ತಿಳಿಯಲೇ ಇಲ್ಲ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಕಿರಿಸೊಸೆ ಡ್ಯೂಟಿ ಮುಗಿಸಿ ಬಂದವಳು, ಸ್ವಲ್ಪ ಹೊತ್ತಿಗೆಲ್ಲ ಚಪ್ಪಲಿ ಇಲ್ಲದೆ, ದುಪಟ್ಟಾದ ಮರೆಯಲ್ಲಿ ಜಗ್ಗು ಹಿಡಿದು ಸದ್ದಿಲ್ಲದೆ ಮೆಟ್ಟಿಲಿಳಿದಳು.

"ಸಿಕ್ಕಿಬಿದ್ಯಾ! ಏನದು ಜಗ್ಗಲ್ಲಿ?" ಹಿರಿಸೊಸೆ ಮೆಟ್ಟಿಲು ಹತ್ತಿ ಬಂದೇಬಿಟ್ಟಳು.

ಕಿರಿಸೊಸೆ ಬೆಚ್ಚಿಬಿದ್ದಳು. ಅರ್ಧ ನೀರು ಅವಳ ಕಾಲ ಮೇಲೇ ಚೆಲ್ಲಿತು. "ನೀರು, ಅಕ್ಕ."

"ಬರೀ ನೀರಾ?" ಹಿರಿಸೊಸೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ನಂಬಿಕೆ ಬರದೆ ಇನ್ನೊಮ್ಮೆ ಅದ್ದಿದಳು. ಸಪ್ಪೆ.

"ವಿಷ ಇದ್ದಿದ್ರೆ ಏನು ಮಾಡ್ತಿದ್ರಿ?"

"ವಿಷ ಅಲ್ಲ, ಉಪ್ಪು ಅಂದ್ಕೊಂಡಿದ್ದೆ. ಅದಿರಲಿ, ಇದಕ್ಕೆ ಕೈ ಹಾಕು ಅಂತ ನಿಂಗೆ ಯಾರು ಹೇಳಿದ್ದು?"

"ಅತ್ತೆ. ಹೊರಡೋ ದಿನ ಟೆರೇಸಿಗೆ ಕರ್ಕೊಂಡು ಹೋಗಿ ಹೇಳಿದ್ರು. ದಿನ ಬಿಟ್ಟು ದಿನ ಹಾಕು, ನಿನ್ನನ್ನ ನಂಬಿ ಹೋಗ್ತಿದೀನಿ ಅಂತ." ಕಿರಿಸೊಸೆ ತಡವರಿಸಿದಳು. "ನಿಮಗೆ ಗೊತ್ತಾಗೋದು ಬೇಡ ಅಂದ್ರು. ನಿಮ್ಮ ಕೈಗುಣ..."

"ಸರಿಯಿಲ್ಲ ಅಂದ್ರಾ?"

ಕಿರಿಸೊಸೆ ತಲೆ ತಗ್ಗಿಸಿದಳು.

"ಯಾವತ್ತಿಂದ ಹಾಕ್ತಿದೀಯ?"

"ಅವರು ಹೋದ ಮಾರನೇ ದಿನದಿಂದ. ಹೋಗೋ ದಿನ ಅವರೇ ಹಾಕಿರ್ತಾರೆ ಅಂದ್ಕೊಂಡೆ."

ಹಿರಿಸೊಸೆ ಶುರು ಮಾಡಿದ್ದು ಅತ್ತೆ ಹೋದ ದಿನವೇ. ಒಬ್ಬಳು ಬಿಟ್ಟ ದಿನ ಇನ್ನೊಬ್ಬಳು ಹಾಕಿದ್ದಳು. ಗಿಡಕ್ಕೆ ಒಂದು ದಿನವೂ ಬಿಡುವು ಸಿಕ್ಕಿರಲಿಲ್ಲ.

"ಎಲೆ ಬಾಡ್ತಾ ಬಂತಲ್ಲ, ನೀವು ಬಿಸಿನೀರು ಹಾಕ್ತಿದೀರೇನೋ ಅಂತ ನಂಗೆ ಗುಮಾನಿ," ಎಂದಳು ಕಿರಿಸೊಸೆ ಸಣ್ಣ ದನಿಯಲ್ಲಿ. "ಬೇರು ತಣ್ಣಗಾಗ್ಲಿ ಅಂತ ಒಂದು ಜಗ್ಗು ಜಾಸ್ತೀನೇ ಹಾಕ್ತಿದ್ದೆ."

ಹಿರಿಸೊಸೆ ಗಿಡವನ್ನು ಮೆಲ್ಲಗೆ ಎತ್ತಿದಳು. ಎಲೆಗಳು ಸಲೀಸಾಗಿ ಕೈಗೆ ಬಂದವು. ಬೇರುಗಳು ಕಂದು ಲೋಳೆಯಾಗಿ ಕುಂಡದಲ್ಲೇ ಉಳಿದವು. ಗಪ್ಪೆಂದು ಕೊಳೆತ ವಾಸನೆ ಬಡಿಯಿತು. ಇಬ್ಬರೂ ಮೆಟ್ಟಿಲ ಮೇಲೆ ಪಕ್ಕಪಕ್ಕ ಕೂತರು. ಹಗ್ಗದ ಜಗಳವಾದ ಮೇಲೆ ಹಾಗೆ ಕೂತದ್ದು ಇದೇ ಮೊದಲು. ಗಿಡ ಹೋದದ್ದಕ್ಕಿಂತ, ಅಡುಗೆಮನೆಯ ಆ ಪಿಸುಮಾತು ತನಗೊಬ್ಬಳಿಗೇ ಹೇಳಿದ್ದಲ್ಲ ಎನ್ನುವುದೇ ಹಿರಿಸೊಸೆಗೆ ಸಂಕಟವಾಗಿತ್ತು. ಕಣ್ಣೊರೆಸಿಕೊಳ್ಳುತ್ತಿದ್ದ ಕಿರಿಯವಳಿಗೂ ಅದೇ ಇದ್ದಿರಬೇಕು.

"ಅತ್ತೆಗೆ ಹೇಳಿಬಿಡೋಣ ಅಕ್ಕ. ನಾನೂ ಜೊತೇಲಿರ್ತೀನಿ," ಎಂದು ಅವಳು ಫೋನ್ ಹಚ್ಚಿ, ಇಬ್ಬರಿಗೂ ಕೇಳುವಂತೆ ಸ್ಪೀಕರ್ ಹಾಕಿ ಮಂಡಿಯ ಮೇಲಿಟ್ಟುಕೊಂಡಳು.

"ಅತ್ತೆ, ನಿಮ್ಮ ಆರ್ಕಿಡ್ ಹೋಯ್ತು," ಎಂದಳು ಹಿರಿಸೊಸೆ.

ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು.

"ನಂಗೊತ್ತಿತ್ತು. ಒಬ್ಬಳಲ್ಲದಿದ್ರೆ ಇನ್ನೊಬ್ಬಳಾದ್ರೂ ಹಾಕ್ತಾಳೆ ಅಂತ ಇಬ್ಬರಿಗೂ ಹೇಳಿ ಬಂದೆ. ಕೊನೆಗೂ ಇಬ್ಬರೂ ಒಂದು ತೊಟ್ಟು ನೀರೂ ಹಾಕಲಿಲ್ಲ, ಅಲ್ವಾ?"