ಕೊನೆಯ ಮೀಟರ್

ಗಿಟಾರಿನ ಸದ್ದು ಮತ್ತೆ ನಿಂತುಹೋಯಿತು.

ಭಾನುಪ್ರಕಾಶರು ತಟ್ಟನೆ ಮುಂದಕ್ಕೆ ಬಾಗಿದರು. ಬೆಂಚಿನ ಮೇಲಿದ್ದ ಹಳೆಯ ಆಂಪ್ಲಿಫೈಯರಿನ ಗಾಜಿನ ವಾಲ್ವ್‌ಗಳು ಏನೂ ಆಗಿಲ್ಲವೆಂಬಂತೆ ಮಿನುಗುತ್ತಿದ್ದವು. ತಲೆಯೆತ್ತಿ ನೋಡಿದರು. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ದಾನೇಶ್ವರಿಯ ಬೆರಳುಗಳು ತಂತಿಗಳ ಮೇಲೆ ಓಡುತ್ತಲೇ ಇದ್ದವು. ಪಾದ ತಾಳ ಹಾಕುತ್ತಿತ್ತು.

"ಸೌಂಡ್ ಬರ್ತಾ ಇದ್ಯೇನಮ್ಮ?"

ಹುಡುಗಿ ಅವರ ಮುಖ ನೋಡಿ ನಕ್ಕಳು. "ಬರ್ತಿದೆ ಅಂಕಲ್. ಸಕ್ಕತ್ತಾಗಿದೆ."

ಹಾಗಾದರೆ ಹೋದದ್ದು ತಮ್ಮ ಕಿವಿಯೇ!

ಪೀಣ್ಯದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಮೂವತ್ತೊಂದು ವರ್ಷ ಕಿವಿಗೆ ಹತ್ತಿಯನ್ನೂ ಇಡದೆ ದುಡಿದ ಪುಣ್ಯಾತ್ಮ ಅವರು. ಇಟ್ಟುಕೊಂಡವರನ್ನು "ಏನಮ್ಮಾ ಮದುಮಗಳೇ" ಎಂದು ಛೇಡಿಸಿದವರೂ ಅವರೇ. ನಿವೃತ್ತರಾದ ಮೇಲೆ ಅಲ್ಲೇ ಒಂದು ಶೆಡ್ಡು ಹಿಡಿದು, ವಾಲ್ವಿನ ಹಳೆಯ ರೇಡಿಯೊ, ಆಂಪ್ಲಿಫೈಯರ್‌ಗಳ ರಿಪೇರಿಗೆ ಕೂತಿದ್ದರು. ಈ ಊರಿನಲ್ಲಿ ಆ ವಿದ್ಯೆ ಬಲ್ಲವರು ಬೆರಳೆಣಿಕೆಯಷ್ಟು. ಹೆಂಡತಿ ತೀರಿಕೊಂಡ ಮೇಲೆ ಬೆಳಿಗ್ಗೆ ಅವರನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದುದು ಆ ಕೆಲಸವೊಂದೇ.

ಹೋದ ತಿಂಗಳು ಕಿವಿ ಡಾಕ್ಟರು ಹೇಳಿದ್ದರು: "ಸಣ್ಣ ಸದ್ದುಗಳು ಮೊದಲು ಹೋಗ್ತವೆ. ದಪ್ಪ ಸದ್ದು ಉಳಿಯತ್ತೆ. ಹುಷಾರಾಗಿರಿ." ಈ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ಕಿವಿ ಕೇಳದವನ ಹತ್ತಿರ ಯಾರು ತಾನೇ ರಿಪೇರಿಗೆ ಬರುತ್ತಾರೆ?

ಅದರ ಬೆನ್ನಿಗೇ ದಾನೇಶ್ವರಿ ಬಂದಿದ್ದಳು. "ಅರ್ಧ ಗಂಟೆ ಆದ್ಮೇಲೆ ಸೌಂಡ್ ಹೋಗ್ತಿದೆ ಅಂತ ಬ್ಯಾಂಡ್‌ನೋರು ಗಲಾಟೆ ಮಾಡ್ತಾರೆ ಅಂಕಲ್," ಎಂದು ಪೆಟ್ಟಿಗೆ ಇಳಿಸಿ ಹೋಗಿದ್ದಳು. ಭಾನುಪ್ರಕಾಶರು ವಾಲ್ವ್ ಬದಲಿಸಿದರು. ಸಾಕೆಟ್ ಉಜ್ಜಿದರು. ಬೆಸುಗೆಗಳನ್ನೆಲ್ಲ ಹೊಸದಾಗಿ ಹಾಕಿದರು. ಆದರೂ ಒಬ್ಬರೇ ಕೂತು ಪರೀಕ್ಷಿಸಿದಾಗ ಅರ್ಧ ಗಂಟೆಗೆ ಸರಿಯಾಗಿ ಮೌನ. ಯಂತ್ರದ್ದೋ, ತಮ್ಮದೋ? ಎಂಟು ದಿನ ನಿದ್ದೆಗೆಟ್ಟು ಕೊನೆಗೆ ಅವಳನ್ನೇ ಕರೆಸಿದ್ದರು. "ಗಿರಾಕಿಯ ಕಿವಿಯೇ ಕೊನೆಯ ಮೀಟರ್" ಎಂದು ಕಸುಬು ಕಲಿಸಿದ ಗುರು ಹೇಳಿದ್ದರು. ಗಿರಾಕಿ ತಲೆಯಾಡಿಸದೆ ಅವರು ಯಾವ ಯಂತ್ರವನ್ನೂ ಹೊರಗೆ ಕಳಿಸಿದವರಲ್ಲ.

ಈಗ ಗಿರಾಕಿ ತಲೆಯಾಡಿಸುತ್ತಿದ್ದಳು, ಇವರ ಜೀವ ಹೋಗುತ್ತಿತ್ತು.

ಕಣ್ಣು ತುಂಬಿದ್ದು ಕಾಣದಿರಲೆಂದು ಅವಳಿಗೆ ಬೆನ್ನು ತಿರುಗಿಸಿದರು. "ನಿಜವಾಗ್ಲೂ ಕೇಳಿಸ್ತಿದ್ಯಾ?"

ಉತ್ತರವಿಲ್ಲ. ಪಾಪ, ನುಡಿಸುವುದರಲ್ಲಿ ಮುಳುಗಿರಬೇಕು. ಇಲ್ಲವೇ ಅವಳು ಉತ್ತರ ಕೊಟ್ಟಳು, ತಮಗೇ ಕೇಳಿಸಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಪಕ್ಕದ ಶೆಡ್ಡಿನ ಪ್ರೆಸ್ಸು ಧಡ್ ಧಡ್ ಎನ್ನುವುದು ಮಾತ್ರ ಚೆನ್ನಾಗಿ ಕೇಳುತ್ತಿತ್ತು. ದಪ್ಪ ಸದ್ದು!

ಡ್ರಾಯರಿನಲ್ಲಿ ಮುಳ್ಳಿನ ಮೀಟರ್ ಇತ್ತು. ಸ್ಪೀಕರಿನ ಎರಡು ತುದಿಗೆ ಹಚ್ಚಿದರೆ ಮುಗಿಯಿತು. ಮುಳ್ಳು ಅಲುಗಿದರೆ ಸದ್ದು ಇದೆ, ಕಿವಿ ಇಲ್ಲ. ಇಷ್ಟು ದಿನ ಅದನ್ನು ಮುಟ್ಟದೆ ಇದ್ದದ್ದು ಬರೀ ಹೆದರಿಕೆಯಿಂದ. ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ತಂತಿ ಹಚ್ಚಿ, ಒಂದು ಕ್ಷಣ ಕಣ್ಣು ಮುಚ್ಚಿ, ತೆರೆದರು.

ಮುಳ್ಳು ಸೊನ್ನೆಯ ಮೇಲೆಯೇ ಇತ್ತು.

ಮೀಟರೇ ಕೆಟ್ಟಿದೆಯೋ ಎಂದು ಗೋಡೆಯ ಸಾಕೆಟ್ಟಿಗೆ ಹಚ್ಚಿ ನೋಡಿದರು; ಮುಳ್ಳು ಜಿಗಿಯಿತು. ಮತ್ತೆ ಸ್ಪೀಕರಿಗೆ ಹಚ್ಚಿದರು. ಸೊನ್ನೆ. ಬದುಕಿದೆಯಾ ಬಡಜೀವವೇ! ಕೆಟ್ಟಿರುವುದು ಯಂತ್ರ. ಕಿವಿ ಗಟ್ಟಿಯಾಗಿದೆ. ಬೆಂಚಿನ ಮೇಲೆ ಬಾಗಿದ್ದಂತೆಯೇ ಗಟ್ಟಿಯಾಗಿ ನಕ್ಕುಬಿಟ್ಟರು.

"ಸೌಂಡೇ ಇಲ್ಲ ಕಣಮ್ಮ! ಆಗ್ಲಿಂದ ಒಂಚೂರೂ ಇಲ್ಲ! ಸಾಕು, ನಿಲ್ಸು!"

ಮೀಟರ್ ಹಿಡಿದುಕೊಂಡೇ ತಿರುಗಿದರು. ಅಷ್ಟು ಕೂಗಿದರೂ ದಾನೇಶ್ವರಿ ಕಣ್ಣು ಮುಚ್ಚಿ ನುಡಿಸುತ್ತಲೇ ಇದ್ದಳು. ಅವರು ಭುಜ ಮುಟ್ಟಿದಾಗ ಬೆಚ್ಚಿ ಕಣ್ಣು ತೆರೆದಳು. ಅವರ ಮುಖದಲ್ಲಿ ಇನ್ನೂ ಆರದಿದ್ದ ನಗುವನ್ನು ಕಂಡು ತಾನೂ ಅವಸರವಾಗಿ ನಕ್ಕಳು.

"ಹೂಂ ಅಂಕಲ್, ಈಗಂತೂ ಇನ್ನೂ ಜೋರಾಗಿ ಬರ್ತಿದೆ."