ಕಸ್ತೂರಿಯ ಹನ್ನೊಂದನೆಯ ಮನೆ

ಪರದೇಶದಲ್ಲಿ, ಮನೆಯವರು ಊರಲ್ಲಿಲ್ಲದಾಗ ಅವರ ಮನೆ ಕಾಯಲು ಹೋದವರ ತಲೆಗೆ ಆ ಮನೆಯೊಡತಿಯ ನೆನಪನ್ನೂ ತುಂಬಿಸುವುದು ಈಗ ರೂಢಿ. ಬೆಕ್ಕಿಗೆ ಏನು ಸೇರುತ್ತದೆ, ಯಾವ ಕಿಟಕಿ ಜಗ್ಗಿದರಷ್ಟೇ ಮುಚ್ಚುತ್ತದೆ ಎಂದು ಕೇಳುವ ತಾಪತ್ರಯವಿಲ್ಲ. ಮನೆಯವರು ಮರಳುವಾಗ ಆ ನೆನಪನ್ನು ಅಳಿಸುತ್ತಾರೆ. ನಿವೃತ್ತರಾದ ಮೇಲೆ ಧಾರವಾಡದ ಈರಪ್ಪ ಮಾಸ್ತರರು ಹೆಂಡತಿ ಕಸ್ತೂರಿಯೊಡನೆ ಆರು ವರ್ಷ ಹೀಗೇ ಊರೂರು ಸುತ್ತಿದ್ದರು. ಮಾಸ್ತರರಿಗೆ ತಲೆನೋವು ಬರುತ್ತದೆಂದು ನೆನಪು ತುಂಬಿಸಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಪ್ರತಿ ಸಲ ಅಳಿಸುವಾಗ ಅವಳ ಸ್ವಂತ ನೆನಪೂ ಒಂದಿಷ್ಟು ಹೋಗುತ್ತಿತ್ತು. ಪ್ರಾಗ್‌ನಲ್ಲಿ ತವರಿನ ಓಣಿ ಮರೆತಳು, ವಿಯೆನ್ನಾದಲ್ಲಿ ತಾಯಿಯ ಹೆಸರು. ಅದಕ್ಕೇ ಪೋರ್ಟೊದ ಈ ಹನ್ನೊಂದನೆಯ ಮನೆ ಬಿಡುವ ದಿನ, ಅಳಿಸಲು ಬಂದವಳನ್ನು ಮಾಸ್ತರರು ಬಾಗಿಲಿನಿಂದಲೇ ಕಳಿಸಿಬಿಟ್ಟರು.

“ಸಾಕು ಕಸ್ತೂರಿ, ಊರಿಗೆ ಹೋಗೂಣು ನಡಿ. ಉಳಿದದ್ದಾದ್ರೂ ಉಳೀಲಿ.”

ಅವಳು ಬೆಕ್ಕನ್ನು ಮಡಿಲಿಂದಿಳಿಸಿ ಮರ್ಯಾದೆಯಿಂದ ಎದ್ದು ನಿಂತಳು.

“ಹೋಗಿ ಬರ್ರಿ. ನಮ್ಮ ಮನಿ ಭಾಳ ಛಲೋ ಕಾದೀರಿ. ಸಂಜೀಕ ನಮ್ಮ ಯಜಮಾನ್ರು ಬರ್ತಾರ. ಅಂದಂಗ, ನಿಮ್ಮ ಮನಿಯವರೆಲ್ರಿ? ಕಾಣವಲ್ರಲ್ಲಾ?”



“ಒಳಗ ಅದಾಳ್ರಿ,” ಎಂದರು ಮಾಸ್ತರರು. ಆಮೇಲೆ ಇಬ್ಬರ ಚೀಲಗಳನ್ನೂ ಎತ್ತಿಕೊಂಡು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು.